ಹಂಚಿಹೋದ ಮಣಿಸರ

ಐದನೇ ತರಗತಿಯಲ್ಲಿ ಓದುವ ನಮ್ಮ ಮನೆಯ ಹುಡುಗಿ ಮೊನ್ನೆ ಸಿಂಧೂ ಬಯಲಿನ ನಾಗರಿಕತೆಯ ಭೂಪಟ ಬಿಡಿಸುತ್ತ ಕೂತಿದ್ದಳು. ಹರಪ್ಪ, ಮೊಹೆಂಜೊದಾರೊ, ಲೋಥಾಲ್, ಕಾಲಿಬಂಗನ್ ಎಂದು ಒಂದೊಂದೇ ಚುಕ್ಕೆ ಇಟ್ಟಳು. ಆಮೇಲೆ ಪೆನ್ಸಿಲ್ ಕಚ್ಚುತ್ತ ಮೆಲ್ಲಗೆ ಕೇಳಿದಳು: "ಅಮ್ಮೀ, ಮೊಹೆಂಜೊದಾರೊ ಇರೋದು ಪಾಕಿಸ್ತಾನದಲ್ಲಿ ಅಂತ ನಾನು ಬರೆದರೆ ಏನೂ ಆಗಲ್ವಾ?"

ಬರೀ ಭೂಪಟದ ಪ್ರಶ್ನೆಯಾಗಿದ್ದರೆ ಉತ್ತರ ಒಂದು ಗಳಿಗೆಯದು. ಮೊಹೆಂಜೊದಾರೊ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಲಾರ್ಕಾನಾ ಜಿಲ್ಲೆಯಲ್ಲಿದೆ, ಹರಪ್ಪ ಅಲ್ಲಿನ ಪಂಜಾಬಿನ ಸಾಹಿವಾಲ್ ಜಿಲ್ಲೆಯಲ್ಲಿದೆ. ಆದರೆ ಅವಳು ಕೇಳಿದ್ದು ಊರು ಎಲ್ಲಿದೆ ಎಂದಲ್ಲ, 'ನಾನು ಬರೆದರೆ' ಎಂದು. ತರಗತಿಯ ಉಳಿದ ಮಕ್ಕಳಿಗೆ ಬಾರದ ಈ ಅನುಮಾನ ಅವಳಿಗೇ ಯಾಕೆ ಬಂತು ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಪಾಠವನ್ನು ಎರಡು ಸಲ, ಎರಡು ಭಾಷೆಯಲ್ಲಿ ಕಲಿತವರು ನಾವು. ಉರ್ದು ಪ್ರಾಥಮಿಕ ಶಾಲೆಯಲ್ಲಿ ಅದು 'ವಾದಿ-ಎ-ಸಿಂಧ್ ಕೀ ತಹಜೀಬ್' ಆಗಿತ್ತು. ಅಗಲವಾದ ಬೀದಿಗಳು, ಮುಚ್ಚಿದ ಚರಂಡಿಗಳು, ದೊಡ್ಡ ಸ್ನಾನದ ಕೊಳ ಎಂದು ಆಪಾ ಹೇಳಿಕೊಟ್ಟದ್ದನ್ನು ರಾಗವಾಗಿ ಬಾಯಿಪಾಠ ಮಾಡಿದ್ದೆವು. ಮುಂದೆ ಕನ್ನಡ ಹೈಸ್ಕೂಲಿಗೆ ಬಂದಾಗ ಅದೇ ಪಾಠ 'ಸಿಂಧೂ ಬಯಲಿನ ನಾಗರಿಕತೆ'ಯಾಗಿ ಎದುರಾಯಿತು. ಮೇಷ್ಟ್ರು ಗೋಡೆಗೆ ಭೂಪಟ ತೂಗುಹಾಕಿ ಮೊಹೆಂಜೊದಾರೊದ ಮೇಲೆ ಕೋಲಿಟ್ಟಾಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ನಿಮ್ಮೂರು ಬಂತು ನೋಡ್ರೋ!" ತರಗತಿ ನಕ್ಕಿತು. ಮೇಷ್ಟ್ರು ಕೇಳಿಸದವರಂತೆ ಪಾಠ ಮುಂದುವರಿಸಿದರು. ನಾವೂ ನಕ್ಕೆವು, ನಗದಿದ್ದರೆ ಇನ್ನಷ್ಟು ನಗುತ್ತಾರೆಂಬ ಭಯಕ್ಕೆ. ಮೂವತ್ತು ವರ್ಷಗಳಾದವು. ಆ ನಗುವಿಗೆ ಕೊಡಬೇಕಾಗಿದ್ದ ಉತ್ತರ ಅದೇ ಪಾಠದೊಳಗೆ ಇತ್ತೆಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಈ ನಗರಗಳು ತುಂಬಿ ಬಾಳಿದ್ದು ಕ್ರಿಸ್ತಪೂರ್ವ 2600ರಿಂದ 1900ರವರೆಗೆ. ಆಮೇಲೆ ಅವು ಮಣ್ಣಾಗಿ, ಆ ಮಣ್ಣಿನ ಮೇಲೆ ಯಾರು ಯಾರೋ ಬಂದು ಹೋದರು. ಹರಪ್ಪದ ದಿಬ್ಬ ಏನೆಂದು ತಿಳಿಯದ ಕಾಲದಲ್ಲಿ ಬ್ರಿಟಿಷರ ರೈಲ್ವೆ ಗುತ್ತಿಗೆದಾರರು ಅದರ ಸುಟ್ಟ ಇಟ್ಟಿಗೆಗಳನ್ನು ಅಗೆದು ಸಾಗಿಸಿದರು. ಲಾಹೋರ್–ಮುಲ್ತಾನ್ ರೈಲು ದಾರಿಯ ಸುಮಾರು 100 ಮೈಲಿಗೆ ಅವೇ ಜಲ್ಲಿಯಾದವೆಂದು ಕನ್ನಿಂಗ್‌ಹ್ಯಾಮ್ ಬರೆದಿಟ್ಟಿದ್ದಾನೆ. ನಾಲ್ಕು ಸಾವಿರ ವರ್ಷ ಬಾಳಿದ ಇಟ್ಟಿಗೆಗಳ ಮೇಲೆ ರೈಲು ಓಡಿತು. 1921ರಲ್ಲಿ ದಯಾರಾಮ್ ಸಾಹ್ನಿ ಹರಪ್ಪದಲ್ಲೂ, ಮರುವರ್ಷ ರಾಖಾಲ್‌ದಾಸ್ ಬ್ಯಾನರ್ಜಿ ಮೊಹೆಂಜೊದಾರೊದಲ್ಲೂ ಅಗೆತ ಆರಂಭಿಸಿದರು. 1924ರ ಸೆಪ್ಟೆಂಬರಿನಲ್ಲಿ ಜಾನ್ ಮಾರ್ಷಲ್ ಈ ಸಂಗತಿಯನ್ನು ಲೋಕಕ್ಕೆ ಸಾರಿದ. ಆಗ ಅದು ಒಂದೇ ಸೀಮೆ. ಪಂಜಾಬಿಯೊಬ್ಬರು, ಬಂಗಾಳಿಯೊಬ್ಬರು, ಇಂಗ್ಲಿಷಿನವನೊಬ್ಬ ಸೇರಿ ತೆರೆದ ಬಾಗಿಲು ಅದು.

23 ವರ್ಷಗಳು ಕಳೆಯುವಷ್ಟರಲ್ಲಿ ಸೀಮೆ ಎರಡಾಯಿತು. 1947ರಲ್ಲಿ ಮೇಜು, ಕುರ್ಚಿ, ಕಡತಗಳಂತೆ ವಸ್ತುಸಂಗ್ರಹಾಲಯದ ಸಾಮಾನುಗಳನ್ನೂ ಹಂಚಿಕೊಳ್ಳಬೇಕಾಯಿತು. ಮೊಹೆಂಜೊದಾರೊದಲ್ಲಿ ಸಿಕ್ಕಿದ್ದ ಒಂದು ಹಾರವಿತ್ತು. ಹಸಿರು ಕಲ್ಲಿನ ಮಣಿಗಳು, ಬಂಗಾರದ ಬಿಲ್ಲೆಗಳು, ಬಣ್ಣಬಣ್ಣದ ಹರಳುಗಳು. ಅದನ್ನು ಬಿಚ್ಚಿ, ಮಣಿಗಳನ್ನು ಎಣಿಸಿ, ಅರ್ಧ ಇಲ್ಲಿಗೆ ಅರ್ಧ ಅಲ್ಲಿಗೆ ಮಾಡಿದರು. ಕೆಂಪು ಕಲ್ಲಿನ ಒಂದು ಡಾಬಿಗೂ ಅದೇ ಗತಿ. ಕಂಚಿನ 'ನರ್ತಕಿ' ದೆಹಲಿಯಲ್ಲಿ ಉಳಿದಳು. 'ಪುರೋಹಿತ ರಾಜ' ಇಂದು ಕರಾಚಿಯಲ್ಲಿದ್ದಾನೆ. ಆಸ್ತಿ ಪಾಲಾಗುವಾಗ ತಾಯಿಯ ಸರ ಕತ್ತರಿಸಿದ ಮನೆಗಳನ್ನು ನಾವು ನೋಡಿದ್ದೇವೆ. ಆದರೆ ಈ ತಾಯಿ ತನ್ನ ಸರ ಯಾರಿಗೆಂದು ಹೇಳಿ ಸತ್ತವಳಲ್ಲ.

ಹಂಚಿಕೆಯ ಬಳಿಕ ಎರಡೂ ಕಡೆ ಹಕ್ಕಿನ ಮಾತು ಆರಂಭವಾಯಿತು. ಪಾಕಿಸ್ತಾನ ಹುಟ್ಟಿ ಮೂರೇ ವರ್ಷವಾಗಿದ್ದಾಗ, 1950ರಲ್ಲಿ, ಮಾರ್ಟಿಮರ್ ವೀಲರ್ ಆ ದೇಶದ ಐದು ಸಾವಿರ ವರ್ಷಗಳ ಬಗ್ಗೆ ಪುಸ್ತಕವನ್ನೇ ಬರೆದ. ಈ ಕಡೆ, ಮುಖ್ಯ ನೆಲೆಗಳೆಲ್ಲ ಗಡಿಯಾಚೆ ಉಳಿದವೆಂಬ ಕೊರಗಿನಲ್ಲಿ ಹೊಸ ಹುಡುಕಾಟ ನಡೆಯಿತು. ಆ ಹುಡುಕಾಟದಲ್ಲೇ 1954ರಲ್ಲಿ ಗುಜರಾತಿನ ಲೋಥಾಲ್ ಸಿಕ್ಕಿತು. ಅದನ್ನು ಕಂಡು ಅಗೆಸಿದವರು ನಮ್ಮ ಕರ್ನಾಟಕದ ಶಿಕಾರಿಪುರ ರಂಗನಾಥ ರಾವ್. ಅಲ್ಲಿ 200 ಮೀಟರಿಗೂ ಉದ್ದದ ಇಟ್ಟಿಗೆಯ ಕೊಳವೊಂದಿದೆ. ಹಡಗುಕಟ್ಟೆ ಎಂದು ರಾಯರು ವಾದಿಸಿದರು, ಕೆರೆಯಿರಬೇಕೆಂದು ಬೇರೆಯವರು ಅಂದರು. ಸಿಂಧಿ ಭಾಷೆಯಲ್ಲಿ ಮೊಹೆಂಜೊದಾರೊ ಎಂದರೆ ಸತ್ತವರ ದಿಬ್ಬ. ಗುಜರಾತಿಯಲ್ಲಿ ಲೋಥಾಲ್ ಎಂಬುದಕ್ಕೂ ಅದೇ ಅರ್ಥ ಹೇಳುತ್ತಾರೆ. ಗಡಿಯ ಈಚೆಗೂ ಆಚೆಗೂ ಹಳ್ಳಿಯ ಜನ ಮಣ್ಣಿನಡಿ ಇದ್ದವರಿಗೆ ಕೊಟ್ಟ ಹೆಸರು ಒಂದೇ.

ಈಗ ಜಗಳ ನಾಗರಿಕತೆಯ ಹೆಸರಿಗೂ ಬಂದಿದೆ. 2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ಆರನೇ ತರಗತಿಯ ಪುಸ್ತಕ 'ಸಿಂಧೂ–ಸರಸ್ವತಿ' ಎಂಬ ಹೆಸರನ್ನೂ ಬಳಸುತ್ತದೆ. ಬತ್ತಿಹೋದ ಘಗ್ಗರ್–ಹಾಕ್ರಾ ನದಿಯ ದಂಡೆಯಲ್ಲಿ ನೂರಾರು ನೆಲೆಗಳಿರುವುದು ನಿಜ. ಹಾಕ್ರಾ ಪಾತ್ರದ ಉದ್ದಕ್ಕೂ ಚೋಲಿಸ್ತಾನದ ಮರಳಿನಲ್ಲಿ 1970ರ ದಶಕದಲ್ಲಿ ಅಲೆದು ಅವನ್ನು ಗುರುತಿಸಿದವರಲ್ಲಿ ಮುಖ್ಯರು ಪಾಕಿಸ್ತಾನದ ಪುರಾತತ್ವಜ್ಞ ರಫೀಕ್ ಮುಘಲ್ ಎಂಬುದೂ ಅಷ್ಟೇ ನಿಜ. ದೊಡ್ಡವರು ಹೆಸರಿಗೆ ಬಡಿದಾಡಲಿ. ಹತ್ತು ವರ್ಷದ ಮಗುವಿನ ಕೈಗೆ ನಾವು ಈ ನಾಗರಿಕತೆಯನ್ನು ಖಾತೆ ಪತ್ರದಂತೆ ಕೊಡಬೇಕೋ, ಒಂದು ಪ್ರಶ್ನೆಯಂತೆ ಕೊಡಬೇಕೋ ಎಂಬುದಷ್ಟೇ ನಮ್ಮ ಚಿಂತೆ.

ಪ್ರಶ್ನೆಯಾಗಿ ಕೊಡಲು ಬೇಕಾದಷ್ಟಿದೆ. ಸಿಂಧಿನ ಚನ್ಹುದಾರೊದಲ್ಲಿ ಅರ್ನೆಸ್ಟ್ ಮ್ಯಾಕೆಗೆ ಒಂದು ಇಟ್ಟಿಗೆ ಸಿಕ್ಕಿತು. ಅದು ಹಸಿಯಾಗಿ ಬಿಸಿಲಿಗೆ ಒಣಗುತ್ತಿದ್ದಾಗ ಅದರ ಮೇಲೆ ಮೊದಲು ಬೆಕ್ಕೊಂದು ಹಾದಿದೆ, ಹಿಂದೆಯೇ ನಾಯಿ ಹಾದಿದೆ. ನಾಯಿಯ ಹೆಜ್ಜೆ ಬೆಕ್ಕಿನ ಹೆಜ್ಜೆಯನ್ನು ಒಂದಿಷ್ಟು ತುಳಿದಿದೆ. ಹೆಜ್ಜೆ ಊರಿದ ರೀತಿ ನೋಡಿದರೆ ಎರಡೂ ಓಡುತ್ತಿದ್ದವು. ಇದನ್ನು ಮಕ್ಕಳ ಮುಂದಿಟ್ಟು 'ಯಾವುದು ಮೊದಲು ಹೋಯಿತು? ನಿಮಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ ನೋಡಿ. ಇತಿಹಾಸ ಬರೆಯುವ ವಿದ್ಯೆಯ ಮೊದಲ ಪಾಠ ಅಲ್ಲೇ ಮುಗಿಯುತ್ತದೆ. ಮಣ್ಣಿನ ಎತ್ತಿನ ಗಾಡಿ, ತಲೆ ಅಲ್ಲಾಡಿಸುವ ಹೋರಿ, ಹಕ್ಕಿಯಾಕಾರದ ಪೀಪಿ, ಚುಕ್ಕೆಯ ದಾಳ, ಇವೆಲ್ಲ ಸಿಕ್ಕಿವೆ. ಅಲ್ಲೂ ಮಕ್ಕಳಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗೆಯೇ ಹೆಸರುಗಳನ್ನು ಅನುಮಾನಿಸುವುದನ್ನೂ ಕಲಿಸಬೇಕು. ಹತ್ತೂವರೆ ಸೆಂಟಿಮೀಟರ್ ಎತ್ತರದ ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಗತ್ತಿನಿಂದ ನಿಂತಿದ್ದಾಳೆ. ಅವಳು ನರ್ತಕಿ ಎಂದು ಹೇಳಿದವರು ಅಗೆದವರೇ ಹೊರತು ಅವಳಲ್ಲ. ಶಾಲು ಹೊದ್ದ ಆ ಗಡ್ಡದವನು ಪುರೋಹಿತನೂ ರಾಜನೂ ಆಗಿದ್ದನೆಂಬುದಕ್ಕೆ ಪುರಾವೆಯಿಲ್ಲ. ದಾಳಿಕಾರರು ಬಂದು ಮೊಹೆಂಜೊದಾರೊದ ಜನರನ್ನು ಕಡಿದು ಹಾಕಿದರೆಂದು ನಮಗೆ ಶಾಲೆಯಲ್ಲಿ ಹೇಳಿದ್ದರು. ಅದು ವೀಲರ್ ಕಟ್ಟಿದ ಕತೆ. ಅಲ್ಲಲ್ಲಿ ಸಿಕ್ಕ ಅಸ್ಥಿಪಂಜರಗಳು ಒಂದೇ ಕಾಲದವಲ್ಲ, ಕಾಳಗ ನಡೆದ ಗುರುತೂ ಇಲ್ಲ ಎಂದು 1964ರಲ್ಲೇ ಜಾರ್ಜ್ ಡೇಲ್ಸ್ ತೋರಿಸಿದ್ದ. ಮಳೆ ಕ್ಷೀಣಿಸಿದ್ದು, ನದಿಗಳು ಬತ್ತಿದ್ದು, ವ್ಯಾಪಾರ ಕುಸಿದದ್ದು, ಹೀಗೆ ಹಲವು ಕಾರಣಗಳನ್ನು ಈಗ ಹೇಳುತ್ತಾರೆ. ಕೊಂದವರು ಯಾರೆಂದು ಹುಡುಕುತ್ತ ಎಷ್ಟು ತಲೆಮಾರಿನ ಮಕ್ಕಳು ಪರಸ್ಪರ ಮುಖ ನೋಡಿಕೊಂಡರೋ! ಕೊಲೆಯೇ ನಡೆದಿರಲಿಲ್ಲ.

ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ಸಿಂಧೂ ಲಿಪಿಯನ್ನು ಹೆಚ್ಚಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರೆಂದು ಮೊದಲ ಸಲ ಓದಿದಾಗ 'ಅರೆ, ನಮ್ಮ ಉರ್ದುವಿನಂತೆ!' ಎಂದು ಎದೆಯುಬ್ಬಿತ್ತು. ಹಿಂದಿನ ಬೆಂಚಿನವರ ನಗುವಿಗೆ ಜವಾಬು ಸಿಕ್ಕಿತೆಂದುಕೊಂಡೆವು. ಆಮೇಲೆ ನಾಚಿಕೆಯಾಯಿತು. ಕಾಲಿಬಂಗನ್‌ನ ಮಡಕೆ ಚೂರಿನ ಮೇಲೆ ಗೀರುಗಳು ಒಂದನ್ನೊಂದು ದಾಟಿರುವ ಕ್ರಮ ನೋಡಿ ಬಿ.ಬಿ. ಲಾಲ್ ಬರವಣಿಗೆಯ ದಿಕ್ಕನ್ನು ತೋರಿಸಿಕೊಟ್ಟರು. ಅದು ಪುರಾವೆ. ಆ ದಿಕ್ಕಿನಿಂದ ಅವರು ನಮ್ಮವರೆಂದು ಸಾಧಿಸಹೊರಟದ್ದು ಬರೀ ನಮ್ಮ ಆಸೆ. 1977ರಲ್ಲಿ ಐರಾವತಂ ಮಹಾದೇವನ್ ಪಟ್ಟಿ ಮಾಡಿದ 417 ಚಿಹ್ನೆಗಳಲ್ಲಿ ಒಂದನ್ನೂ ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ. ಅವರ ಮಾತು ಯಾವುದೆಂದು ತಿಳಿಯದಿರುವಾಗ ಅವರು ಯಾರ ಪೂರ್ವಜರೆಂದು ಶಾಲೆಯ ಅಂಗಳದಲ್ಲಿ ಗುದ್ದಾಡುವುದರಲ್ಲಿ ಏನರ್ಥ?

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಮೆಸೊಪೊಟೇಮಿಯಾದ ಒಂದು ಪುಟ್ಟ ಮುದ್ರೆಯಿದೆ, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಅದರ ಒಡೆಯನ ಹೆಸರು ಶು-ಇಲಿಶು, ಅವನ ಕಸುಬು ಮೆಲುಹ್ಹಾ ಭಾಷೆಯ ದುಭಾಷಿ. ಮೆಲುಹ್ಹಾ ಎಂದರೆ ಸಿಂಧೂ ಸೀಮೆಯೆಂದೇ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ನಮ್ಮ ಪಠ್ಯಗಳಲ್ಲಿ ಈ ಮನುಷ್ಯನಿಗೆ ಒಂದು ಸಾಲು ಸಿಗಬೇಕು. ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳಿಗಂತೂ ಅವನು ಹತ್ತಿರದ ನೆಂಟನಂತೆ ಕಾಣುತ್ತಾನೆ.

ಉಪಾಧ್ಯಾಯರಲ್ಲಿ ನಮ್ಮದು ಒಂದೇ ಬಿನ್ನಹ. ಭೂಪಟದ ಮೇಲೆ ಕೋಲಿಟ್ಟಾಗ ಹಿಂದಿನ ಬೆಂಚಿನಿಂದ ನಗು ಬಂದರೆ ಕೇಳಿಸದವರಂತೆ ಇರಬೇಡಿ. ಅಲ್ಲಿಗೆ ಪಾಠ ನಿಲ್ಲಿಸಿ ಆ ಮಣಿಸರದ ಕತೆ ಹೇಳಿ.

ನಾವೂ ಅವತ್ತು ಹುಡುಗಿಗೆ ಹೇಳಿದ್ದು ಅದನ್ನೇ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೊಹೆಂಜೊದಾರೊ, ಹರಪ್ಪಗಳ ಪಕ್ಕದಲ್ಲಿ 'ಈಗಿನ ಪಾಕಿಸ್ತಾನ' ಎಂದು ಬರೆದಳು. ಲೋಥಾಲ್, ಕಾಲಿಬಂಗನ್‌ಗಳ ಪಕ್ಕದಲ್ಲಿ 'ಈಗಿನ ಭಾರತ' ಎಂದು ಬರೆದಳು. ಭಾರತಕ್ಕೂ 'ಈಗಿನ' ಯಾಕೆಂದು ಕೇಳಿದೆವು.

"ಆಗ ಎರಡೂ ಇರಲಿಲ್ವಲ್ಲ ಅಮ್ಮೀ," ಎಂದಳು, ಬಣ್ಣದ ಪೆನ್ಸಿಲ್ ಹುಡುಕುತ್ತ.