ವಿಸ್ತರಣೆ ಬರೆಯುವವರ ಸಮುದಾಯ ಮತ್ತು ಕನ್ನಡ: ನಿಯಮಪಟ್ಟಿಗಳ ಒಂದು ಚರಿತ್ರೆ

ಮುಕ್ತ ತಂತ್ರಾಂಶದ ಚರಿತ್ರೆಯನ್ನು ಸಾಮಾನ್ಯವಾಗಿ ಮೂಲ ತಂತ್ರಾಂಶಗಳ ಚರಿತ್ರೆಯಾಗಿಯೇ ಬರೆಯಲಾಗುತ್ತದೆ. ಕನ್ನಡದ ಮಟ್ಟಿಗೆ ಈ ಕ್ರಮ ಅಷ್ಟಾಗಿ ಒಗ್ಗುವುದಿಲ್ಲ. ಬೆರಳಚ್ಚಿನ ವಿನ್ಯಾಸ, ಕಾಗುಣಿತ ಪರೀಕ್ಷೆ ಮುಂತಾದ ಸೌಲಭ್ಯಗಳು ಒಳಬಂದದ್ದು ಬಹುಪಾಲು ಮೂಲಕ್ಕೆ ಹೊರಗಿನಿಂದ ಜೋಡಿಸುವ ವಿಸ್ತರಣೆಗಳ ಮೂಲಕ. ಅವುಗಳನ್ನು ಬರೆಯುವವರ ಸಮುದಾಯದ ದುಡಿಮೆ ಎಲ್ಲಿ ಉಳಿಯಿತು, ಎಲ್ಲಿ ಚದುರಿತು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ನಮ್ಮ ವಾದ ಇಷ್ಟು: ಭಾಷೆಯ ನಿಯಮಗಳು ಪ್ರೋಗ್ರಾಮಿನಿಂದ ಬೇರ್ಪಟ್ಟು, ಓದಬಲ್ಲ ಪಟ್ಟಿಯ ರೂಪ ತಾಳಿದಲ್ಲಿ ಆ ದುಡಿಮೆ ಉಳಿದಿದೆ. ಅಂಥ ಪಟ್ಟಿಯನ್ನು ತಿದ್ದಲು ಭಾಷಾವಿಜ್ಞಾನಿ ಪ್ರೋಗ್ರಾಮರ್ ಆಗಬೇಕಾಗಿಲ್ಲ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಈ ಕ್ರಮಕ್ಕೆ ಅಲ್ಲಿ ‘ಕೊಂಡಿ’ ಎಂದು ಹೆಸರು. ವಿಸ್ತರಣೆಯೂ ಅಂಥದೊಂದು ಸೆರಗು. ಹೋಲಿಕೆಯನ್ನು ಇನ್ನೂ ಎಳೆಯುವುದು ಬೇಡ. ಕೊಂಡಿ ಎಲ್ಲಿ ಬೀಳುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೆ ‘ನಾರಾಯಂ’ ಎಂಬ ಬರವಣಿಗೆಯ ವಿಸ್ತರಣೆ 2011ರಲ್ಲಿ ಸೇರಿತು. ಓಲೆಗರಿಯ ಮೇಲೆ ಬರೆಯುವ ಕಂಟಕ್ಕೆ ಮಲಯಾಳಂನಲ್ಲಿರುವ ಹೆಸರದು; ವಿಸ್ತರಣೆಯ ಬೇರೂ ಮಲಯಾಳಂ ವಿಕಿಪೀಡಿಯದ ಸ್ವಯಂಸೇವಕರ ಕೆಲಸದಲ್ಲಿತ್ತು. ಎರಡೇ ವರ್ಷಗಳಲ್ಲಿ, 2013ರಲ್ಲಿ, ಅದನ್ನು ತೆಗೆದು ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಎಂಬ ಮತ್ತೊಂದು ವಿಸ್ತರಣೆಯನ್ನು ತರಲಾಯಿತು. ನಾರಾಯಂ ಹೋಯಿತು, ನಿಯಮಗಳು ಹೋಗಲಿಲ್ಲ. ಅವು ‘ಜೆಕ್ವೆರಿ ಐಎಂಇ’ ಎಂಬ ಸ್ವತಂತ್ರ ಸಂಗ್ರಹಕ್ಕೆ ಸಾಗಿ, ವಿನ್ಯಾಸಕ್ಕೊಂದರಂತೆ ಪ್ರತ್ಯೇಕ ಕಡತಗಳಾದವು.

ಕನ್ನಡದ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ಓದುವುದು ನಮ್ಮ ಶಿಸ್ತಿನವರಿಗೆ ಲಾಭದಾಯಕ. ಲಿಪ್ಯಂತರಣದ ಕಡತದಲ್ಲಿ ‘ಕೆ’ ಕೀಲಿ ಒತ್ತಿದರೆ ಮೂಡುವುದು ಕ್; ‘ಎ’ ಒತ್ತಿದಾಗ ವಿರಾಮಚಿಹ್ನೆ ಅಳಿದು ಕ ಆಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಅದೇ ಕೀಲಿ ನೇರವಾಗಿ ಕ ಎಂಬ ಅಕ್ಷರವನ್ನೇ ಕೊಡುತ್ತದೆ. ಸ್ವರವನ್ನು ಕಳೆಯಬೇಕಾದಾಗ ‘ಎಫ್’ ಒತ್ತಬೇಕು. ಒಂದು ವ್ಯಂಜನವನ್ನು ಮೂಲಘಟಕವೆಂದು ಹಿಡಿದರೆ ಇನ್ನೊಂದು ಅಕ್ಷರವನ್ನು ಹಿಡಿಯುತ್ತದೆ. ಹಳೆಯ ಚರ್ಚೆಯೊಂದು ಹೀಗೆ ಎರಡು ಕೋಷ್ಟಕಗಳಾಗಿ ಕುಳಿತಿದೆ. ರಾವ್ ಅವರು ತಮ್ಮ ಮೊದಲಿನ ಕನ್ನಡ ತಂತ್ರಾಂಶಕ್ಕೆ ವ್ಯಾಕರಣ ಮತ್ತು ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟದ್ದು ಆಕಸ್ಮಿಕವಲ್ಲವೆಂದೇ ನಮ್ಮ ಭಾವನೆ.

ವಿರುದ್ಧ ನಿದರ್ಶನ ಫೈರ್‌ಫಾಕ್ಸಿನದು. 2017ರ ನವೆಂಬರಿನಲ್ಲಿ ಬಂದ 57ನೆಯ ಆವೃತ್ತಿ ಹಳೆಯ ಮಾದರಿಯ ವಿಸ್ತರಣೆಗಳನ್ನು ಒಮ್ಮೆಗೇ ಕೈಬಿಟ್ಟಿತು. ಬ್ರೌಸರಿನ ಒಳರಚನೆಗೇ ಕೊಂಡಿ ಹಾಕಿದ್ದವು ಮರುಬರವಣಿಗೆ ಇಲ್ಲದೆ ಉಳಿಯುವಂತಿರಲಿಲ್ಲ; ಬಿಡುವಿನ ವೇಳೆಯಲ್ಲಿ ದುಡಿಯುವವರೆಲ್ಲರೂ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಲಾರರು.

ಬಾಗಲಕೋಟೆಯ ಭಾಷಾಪ್ರದೇಶಕ್ಕೆ ಈ ಚರಿತ್ರೆ ಮುಖ್ಯವಾಗುವುದು ಎರಡು ಕಡೆ. ಮೊದಲನೆಯದು ಬಾದಾಮಿಯಲ್ಲಿ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವನ್ನು ಗಣಕದಲ್ಲಿ ಪಡಿಮೂಡಿಸಲು ಱ ಬೇಕೇಬೇಕು. ಹಳಗನ್ನಡದ ಇತರ ಶಾಸನಗಳಿಗೆ ೞ ಕೂಡ ಬೇಕು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ, ಆದರೆ ೞಕಾರವು ಅಲ್ಲಿ ದಾಖಲಾದದ್ದು ‘ಎಫ್‌ಎ’ ಎಂಬ ತಪ್ಪು ಹೆಸರಿನಲ್ಲಿ. ಒಮ್ಮೆ ಕೊಟ್ಟ ಹೆಸರನ್ನು ಆ ಮಾನಕ ಬದಲಿಸುವುದಿಲ್ಲ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕಕ್ಕೆ ಸೇರಿಸಲಾಗಿದೆ. ಮೂಲದಲ್ಲಿ ಸೇರಿದ ತಪ್ಪಿಗೆ ತಿದ್ದುಪಡಿಯೂ ಹೊರಗಿನಿಂದಲೇ! ನಿಯಮಕಡತದಲ್ಲಾದರೆ ಯಾವುದೇ ಪ್ರಾಚೀನ ಅಕ್ಷರಕ್ಕೆ ಕೀಲಿ ಕೊಡುವುದು ಒಂದು ಸಾಲಿನ ಕೆಲಸ.

ಎರಡನೆಯದು ಹುನಗುಂದ, ಇಳಕಲ್ಲುಗಳ ಮಾತಿನಲ್ಲಿ. ಇಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ ‘ಮನಿ’, ಎಲೆ ‘ಎಲಿ’, ಬಾಗಲಕೋಟೆಯೇ ‘ಬಾಗಲಕೋಟಿ’. ಸಪ್ತಮಿಯಲ್ಲಿ ‘ಮನ್ಯಾಗ’. ಶಿಷ್ಟರೂಪಗಳನ್ನು ಮಾತ್ರ ಬಲ್ಲ ಪದಕೋಶ ಇವೆಲ್ಲದರ ಕೆಳಗೂ ಕೆಂಪು ಗೆರೆ ಎಳೆಯುತ್ತದೆ. ತನ್ನ ಮನೆಮಾತನ್ನು ಬರೆದ ವಿದ್ಯಾರ್ಥಿಗೆ ಯಂತ್ರ ಹೇಳುವುದು ‘ಇದು ತಪ್ಪು’ ಎಂದು. ‘ಇದು ನನಗೆ ತಿಳಿಯದು’ ಎಂದಲ್ಲ. ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಬಳಸುವ ಹನ್‌ಸ್ಪೆಲ್ ಪರೀಕ್ಷಕವನ್ನು ನೆಮೆತ್ ಲಾಸ್ಲೊ ರೂಪಿಸಿದ್ದು ಪ್ರತ್ಯಯಬಹುಲವಾದ ಹಂಗೇರಿಯನ್ ಭಾಷೆಗಾಗಿ. ಅದರಲ್ಲಿ ಭಾಷೆಗೆ ಬೇಕಾದದ್ದು ಪದಗಳದೊಂದು, ಪ್ರತ್ಯಯಗಳದೊಂದು, ಹೀಗೆ ಎರಡು ಕಡತ. ಪದಾಂತ್ಯದ ಇಕಾರವನ್ನು ಕಳೆದು ‘್ಯಾಗ’ ಸೇರಿಸು ಎಂಬ ಒಂದೇ ನಿಯಮ ಮನ್ಯಾಗ, ಎಲ್ಯಾಗ, ಬಾಗಲಕೋಟ್ಯಾಗ ಮೂರನ್ನೂ ಒಪ್ಪಿಸುತ್ತದೆ. ಮೂಲದಲ್ಲೇ ಇಕಾರಾಂತವಾದ ಬಾದಾಮಿಗೂ ಅದೇ ನಿಯಮ ಸಲ್ಲುತ್ತದೆ: ‘ಬಾದಾಮ್ಯಾಗ’.

ಇಂಥ ನಿಯಮಗಳನ್ನು ಬರೆಯುವ ಸಾಮರ್ಥ್ಯ ನಮ್ಮ ವಿಭಾಗಗಳಿಗೆ ಹೊಸತಲ್ಲ. ನಂಜನಗೂಡು, ತಿಪಟೂರು, ಗುಲ್ಬರ್ಗಾ ಉಪಭಾಷೆಗಳ ವರ್ಣನೆಗಳನ್ನು ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲೇ ಪ್ರಕಟಿಸಿದೆ. ಆ ಬಳಿಕ ಉಪಭಾಷೆಗಳ ಮೇಲೆ ಬಂದ ಪಿಎಚ್‌.ಡಿ. ಪ್ರಬಂಧಗಳ ಅನುಬಂಧಗಳಲ್ಲೂ ಪದಪಟ್ಟಿಗಳಿವೆ. ಆದರೆ ಜೆಕ್ವೆರಿ ಐಎಂಇಯ ಪ್ರತಿ ಕಡತದ ತಲೆಯಲ್ಲಿ ಬರೆದವರ ಹೆಸರೂ ಪರವಾನಗಿಯೂ ನಮೂದಾಗಿರುತ್ತವೆ. ನಮ್ಮ ಅನುಬಂಧಗಳಲ್ಲಿ ಹೆಸರಿರುತ್ತದೆ; ಇತರರು ಬಳಸಬಹುದು, ತಿದ್ದಬಹುದು, ಮರುಹಂಚಬಹುದು ಎಂಬ ಎರಡನೆಯ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಆ ಸಾಲನ್ನು ಸೇರಿಸುವ ಅಧಿಕಾರ ಪ್ರಬಂಧಕಾರರದೇ. ಅದು ಬಾರದ ತನಕ ಯಾವ ವಿಸ್ತರಣೆಯೂ ಆ ಪಟ್ಟಿಯನ್ನು ಎತ್ತಿಕೊಳ್ಳುವಂತಿಲ್ಲ.