ಮಾತ್‌ಮ್ಯಾನ್ ಬಂದ ಊರು, ಬಿದ್ದ ಸೇತುವೆ

ಇವತ್ತಿನ ಕತೆ ಅಮೆರಿಕದ ವೆಸ್ಟ್ ವರ್ಜೀನಿಯಾದ್ದು. ಓಹಿಯೊ ನದಿ ದಡದಲ್ಲಿ ಪಾಯಿಂಟ್ ಪ್ಲೆಸೆಂಟ್ ಅಂತ ಒಂದು ಪುಟ್ಟ ಊರಿದೆ.

1966ರ ನವೆಂಬರ್ 15, ರಾತ್ರಿ. ಎರಡು ಯುವ ಜೋಡಿಗಳು ಒಂದೇ ಕಾರಲ್ಲಿ ಊರಾಚೆ ಹೋಗಿದ್ರು. ಆ ಜಾಗಕ್ಕೆ ಜನ ಟಿಎನ್‌ಟಿ ಏರಿಯಾ ಅಂತಿದ್ರು. ಎರಡನೇ ಮಹಾಯುದ್ಧದಲ್ಲಿ ಸ್ಫೋಟಕ ತಯಾರಿಸ್ತಿದ್ದ ಕಾರ್ಖಾನೆ, ಆಮೇಲೆ ಪಾಳುಬಿದ್ದಿತ್ತು. ಅಲ್ಲಿ ಹೆಡ್‌ಲೈಟ್ ಬೆಳಕಿಗೆ ಎರಡು ಕೆಂಪು ಕಣ್ಣು ಹೊಳೆದವಂತೆ. ಆಳೆತ್ತರದ ದೇಹ, ಬೆನ್ನಿಗೆ ಮಡಚಿದ ರೆಕ್ಕೆ. ಗಂಟೆಗೆ ನೂರು ಮೈಲಿ ವೇಗದಲ್ಲಿ ಓಡಿದ್ರೂ ಅದು ಹಿಂದೇನೇ ಹಾರಿ ಬಂತು ಅಂತ ಪೊಲೀಸರ ಮುಂದೆ ಹೇಳಿದ್ರು. ಮಾರನೇ ದಿನ ಪತ್ರಿಕೆಯಲ್ಲಿ ಸುದ್ದಿ. ಟೀವಿಯಲ್ಲಿ ಬ್ಯಾಟ್‌ಮ್ಯಾನ್ ಓಡ್ತಿದ್ದ ಕಾಲ ಅದು, ಹಾಗಾಗಿ ಈ ಜೀವಿಗೆ ಮಾತ್‌ಮ್ಯಾನ್, ಅಂದ್ರೆ ಪತಂಗ ಮನುಷ್ಯ ಅನ್ನೋ ಹೆಸರು ಅಂಟಿಕೊಳ್ತು.

ವನ್ಯಜೀವಿ ತಜ್ಞರೊಬ್ಬರು ಅದು ದಾರಿ ತಪ್ಪಿದ ಸ್ಯಾಂಡ್‌ಹಿಲ್ ಕೊಕ್ಕರೆ ಇರಬೇಕು ಅಂದ್ರು. ನನ್ನ ವೋಟು ಗೂಬೆಗೆ. ಕತ್ತಲಲ್ಲಿ ಲೈಟ್ ಬಿದ್ರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತೆ.

ಕತೆ ಇಲ್ಲಿಗೇ ಮುಗೀಬಹುದಿತ್ತು. ಆದರೆ ಸರಿಯಾಗಿ 13 ತಿಂಗಳಾದ ಮೇಲೆ, 1967ರ ಡಿಸೆಂಬರ್ 15ರ ಸಂಜೆ, ಊರನ್ನು ಆಚೆ ದಡದ ಓಹಿಯೊ ರಾಜ್ಯಕ್ಕೆ ಸೇರಿಸ್ತಿದ್ದ ಸಿಲ್ವರ್ ಬ್ರಿಡ್ಜ್ ಕುಸಿದು ನದಿಗೆ ಬಿತ್ತು. ಕ್ರಿಸ್‌ಮಸ್ ಹತ್ರ ಬಂದಿತ್ತು, ಸೇತುವೆ ತುಂಬಾ ವಾಹನ. 46 ಜನ ಸತ್ತರು. ಇಬ್ಬರ ದೇಹ ಸಿಗಲೇ ಇಲ್ಲ.

ಮಾತ್‌ಮ್ಯಾನ್ ಮುನ್ಸೂಚನೆ ಕೊಡೋಕೆ ಬಂದಿದ್ದ ಅಂತ ಜನ ಮಾತಾಡಿಕೊಂಡ್ರು. 1975ರಲ್ಲಿ ಜಾನ್ ಕೀಲ್ ಎರಡನ್ನೂ ಜೋಡಿಸಿ ಪುಸ್ತಕ ಬರೆದ್ರು, 2002ರಲ್ಲಿ ರಿಚರ್ಡ್ ಗೇರ್ ನಟಿಸಿದ ಸಿನಿಮಾ ಬಂತು. ಈಗ ಆ ಊರಲ್ಲಿ ಮಾತ್‌ಮ್ಯಾನ್ ಮ್ಯೂಸಿಯಂ ಇದೆ, ಸೆಪ್ಟೆಂಬರಲ್ಲಿ ಜಾತ್ರೆ ನಡೆಯುತ್ತೆ, ಫಳಫಳ ಹೊಳೆಯೋ ಪ್ರತಿಮೆ ಮುಂದೆ ಸೆಲ್ಫಿಗೆ ಜನ ಸೇರ್ತಾರೆ.

ತನಿಖೆ ಹೇಳಿದ್ದು ಬೇರೆ. ಸೇತುವೆ ಕಟ್ಟಿದ್ದು 1928ರಲ್ಲಿ. ಹಗ್ಗದ ಬದಲು ಉಕ್ಕಿನ ಪಟ್ಟಿಗಳ ಸರಪಳಿ ಅದನ್ನ ಹೊತ್ತಿತ್ತು, ಒಂದೊಂದು ಕೊಂಡಿಗೆ ಎರಡೇ ಪಟ್ಟಿ. ಒಂದು ಮುರಿದ್ರೆ ಇಡೀ ಸೇತುವೆ ಹೋಯ್ತು ಅಂತಲೇ ಲೆಕ್ಕ. ಮುರಿದ ಆ ಪಟ್ಟಿಯಲ್ಲಿದ್ದ ಬಿರುಕು ಎರಡೂವರೆ ಮಿಲಿಮೀಟರ್ ಆಳದ್ದು, ಅಷ್ಟೇ! ಅದೂ ಬಿಚ್ಚಿ ನೋಡದೆ ಕಾಣದ ಜಾಗದಲ್ಲಿ. ಮೇಲೆ ಓಡಾಡೋ ಕಾರು, ಲಾರಿಗಳು 1928ಕ್ಕಿಂತ ಎಷ್ಟೋ ಭಾರ ಆಗಿದ್ವು. ಬಿಕಾಂನಲ್ಲಿ ನಾವು ಸವಕಳಿ ಅಂತ ಓದ್ತೀವಿ, ವರ್ಷಾ ವರ್ಷಾ ಪುಸ್ತಕದಲ್ಲಿ ಬರೀತೀವಿ. ಈ ಸವಕಳಿಯನ್ನ ಬರೆದುಕೊಂಡವರು ಯಾರೂ ಇರಲಿಲ್ಲ.

ಅದೇ ವಿನ್ಯಾಸದ ಇನ್ನೊಂದು ಸೇತುವೆ ಇದೇ ನದಿ ಮೇಲೆ, ಸೇಂಟ್ ಮೇರೀಸ್‌ನಲ್ಲಿತ್ತು. ಅದನ್ನು ತಕ್ಷಣ ಮುಚ್ಚಿ, 1971ರಲ್ಲಿ ಕೆಡವಿದ್ರು. ಅದೇ ವರ್ಷ ಅಮೆರಿಕಾದಲ್ಲಿ ಸೇತುವೆ ತಪಾಸಣೆಗೆ ಮೊದಲ ಬಾರಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು.

ಪಾಯಿಂಟ್ ಪ್ಲೆಸೆಂಟ್‌ಗೆ ಹೋದ್ರೆ ಪ್ರತಿಮೆ ನೋಡಿ, ಖಂಡಿತಾ ಫೋಟೋ ತೆಗೆಸಿಕೊಳ್ಳಿ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಸೇತುವೆಯ ಸ್ಮಾರಕ ಇದೆ. ಸತ್ತವರ ಹೆಸರು ಅಲ್ಲಿವೆ.