ವಿಮಾನಯಾನ: ಫಿಲ್ಮ್ ರೀಲಿಗೆ ಸ್ಕ್ಯಾನರ್ ಕಂಟಕ

ನಂಜನಗೂಡಿನ ದೊಡ್ಡ ಜಾತ್ರೆಯ ತೇರನ್ನೋ ತಲಕಾಡಿನ ಪಂಚಲಿಂಗ ದರ್ಶನವನ್ನೋ ಫಿಲ್ಮ್ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಚಿಕ್ಕಯ್ಯನಛತ್ರ ಭಾಗದವರಿಗೆ ಮೈಸೂರು–ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣ ಸಮೀಪವೇ ಆದರೂ, ವಿದೇಶಕ್ಕೆ ಹೊರಟವರು ಸಾಮಾನ್ಯವಾಗಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದತ್ತ ಮುಖ ಮಾಡುತ್ತಾರೆ. ಅಂಥವರ ಚೀಲದಲ್ಲಿ ತೊಳೆಸದ ರೀಲಿದ್ದರೆ, ಅದು ಯಾವ ತಪಾಸಣಾ ಯಂತ್ರದೊಳಗೆ ಹಾದುಹೋಗುತ್ತದೆ ಎಂಬುದರ ಮೇಲೆ ಚಿತ್ರಗಳ ಅಳಿವು ಉಳಿವು ನಿಂತಿದೆ.

ಫಿಲ್ಮಿಗೆ ಲೇಪಿಸಿರುವ ಬೆಳ್ಳಿಯ ಲವಣಗಳು ಬೆಳಕಿನಂತೆಯೇ ಕ್ಷ-ಕಿರಣಕ್ಕೂ ಸ್ಪಂದಿಸುತ್ತವೆ. ಪರಿಣಾಮವಾಗಿ ಚಿತ್ರಕ್ಕೆ ಮಂಜು ಕವಿದಂತಾಗಿ, ನೆರಳಿನ ಭಾಗದ ವಿವರಗಳು ಅಳಿಸುತ್ತವೆ. ತೊಳೆಸುವವರೆಗೂ ಈ ಹಾನಿ ಕಣ್ಣಿಗೆ ಬೀಳದು.

ಕೈಚೀಲ ಪರೀಕ್ಷಿಸುವ ಹಳೆಯ ಮಾದರಿಯ ಯಂತ್ರದಿಂದ ಐಎಸ್‌ಒ 400ರವರೆಗಿನ ಫಿಲ್ಮಿಗೆ ಒಂದೆರಡು ಬಾರಿಗೆ ಅಪಾಯವಿಲ್ಲ. ಐಎಸ್‌ಒ 800 ಹಾಗೂ ಅದಕ್ಕೂ ವೇಗದವು ಸೂಕ್ಷ್ಮ. ಪ್ರತಿ ತಪಾಸಣೆಯ ಪ್ರಭಾವವೂ ಹಿಂದಿನದಕ್ಕೆ ಕೂಡಿಕೊಳ್ಳುವುದರಿಂದ, ಎರಡು ಮೂರು ಕಡೆ ವಿಮಾನ ಬದಲಿಸುವವರು ಎಚ್ಚರ ವಹಿಸಬೇಕು. ಲಗೇಜಿನೊಂದಿಗೆ ಸರಕು ಕೋಣೆಗೆ ಕಳುಹಿಸುವುದಂತೂ ಸಲ್ಲದು. ಅಲ್ಲಿನ ಕಿರಣಗಳು ಬಹಳ ಪ್ರಬಲ.

ಹೊಸ ಕಂಟಕವೆಂದರೆ ಸಿ.ಟಿ. ಸ್ಕ್ಯಾನರ್. ಆಸ್ಪತ್ರೆಯ ಯಂತ್ರದಂತೆಯೇ ಹಲವು ಕೋನಗಳಿಂದ ಕಿರಣ ಹಾಯಿಸುವ ಇದರೊಳಗೆ ಒಮ್ಮೆ ಹೋದರೂ ಫಿಲ್ಮ್ ಕೆಡಬಹುದೆಂದು ಕೊಡಕ್ ಎಚ್ಚರಿಸಿದೆ. 2023ರಲ್ಲಿ ಕೆಂಪೇಗೌಡ ನಿಲ್ದಾಣವೂ ಈ ಬಗೆಯ ಯಂತ್ರದ ಪ್ರಯೋಗಕ್ಕೆ ಮುಂದಾಯಿತು. ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ ಎಂದು ಸಿಬ್ಬಂದಿ ಹೇಳಿದರೆ ಅಲ್ಲಿರುವುದು ಬಹುಶಃ ಸಿ.ಟಿ. ಯಂತ್ರವೇ. ಪ್ರಯಾಣಿಕರಿಗೆ ಅನುಕೂಲವಾದ ಈ ಸೌಲಭ್ಯ ಛಾಯಾಗ್ರಾಹಕರಿಗೆ ಮಾತ್ರ ಅಪಾಯದ ಸೂಚನೆ.

ಇದಕ್ಕೆ ಉಪಾಯ ಕೈತಪಾಸಣೆ. ರೀಲುಗಳನ್ನು ಡಬ್ಬಿಯಿಂದ ತೆಗೆದು ಪಾರದರ್ಶಕ ಚೀಲದಲ್ಲಿಟ್ಟು, ಸಾಲು ಬೆಳೆಯುವ ಮುನ್ನವೇ ಸಿಐಎಸ್‌ಎಫ್ ಸಿಬ್ಬಂದಿಯನ್ನು ವಿನಂತಿಸಿಕೊಳ್ಳಬೇಕು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಇದಕ್ಕೆ ಅವಕಾಶವಿದೆ. ಇಲ್ಲಿ ಒಪ್ಪುವುದು ಬಿಡುವುದು ಸಿಬ್ಬಂದಿಯ ವಿವೇಚನೆ. ಸೀಸದ ಚೀಲವನ್ನು ನೆಚ್ಚಿಕೊಳ್ಳುವಂತಿಲ್ಲ. ಒಳಗೇನಿದೆಯೆಂದು ಕಾಣದಿದ್ದಾಗ ಅದನ್ನು ಹೊರತೆಗೆಸುವುದೋ ಮತ್ತೊಮ್ಮೆ ಯಂತ್ರಕ್ಕೆ ಹಾಕುವುದೋ ಸಹಜ. ಕ್ಯಾಮೆರಾದೊಳಗಿನ ಅರ್ಧ ಮುಗಿದ ರೀಲಿಗೂ ಇದೇ ಅಪಾಯವಿರುವುದರಿಂದ ಹೊರಡುವ ಮುನ್ನವೇ ಅದನ್ನು ಮುಗಿಸಿ ತೆಗೆದಿಡುವುದು ಲೇಸು.

ತೊಳೆಸಿದ ನೆಗೆಟಿವ್‌ಗೆ, ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಇಂಥ ಭಯವಿಲ್ಲ. ಸಮಯವಿದ್ದವರು ಜಾತ್ರೆಯ ರೀಲನ್ನು ಊರು ಬಿಡುವ ಮೊದಲೇ ತೊಳೆಸಿ, ನೆಗೆಟಿವ್‌ಗಳನ್ನಷ್ಟೇ ಕೊಂಡೊಯ್ಯಬಹುದು.